ನಲವತ್ತು ದಾಟದ ಒಮುರ್ಜಾಕ್

ಕೋಚ್ಕೋರಿನ ಗಂಡಸರಿಗೆ ಚೆನ್ನಾಗಿ ಬರುವ ಕೆಲಸ ಎರಡೇ. ಒಂದು ಕಾರಿನ ಇಂಜಿನ್ನು ಸುಡುವುದು, ಇನ್ನೊಂದು ಸುಟ್ಟ ಇಂಜಿನ್ನನ್ನು ಮೆಕ್ಯಾನಿಕ್ ತೋಲ್ಯಾನ ಶೆಡ್ಡಿಗೆ ಎಳೆದುಕೊಂಡು ಹೋಗಿ ಸಿಲಿಂಡರು ಕೊರೆಸಿ ಬೋರ್ ಮಾಡಿಸುವುದು. ಬೋರ್ ಮಾಡಿಸಿ ತಂದ ಇಂಜಿನ್ನನ್ನು ಪಳಗುವವರೆಗೆ ಮೆತ್ತಗೆ ಓಡಿಸುವ ಕೆಲಸ ಮಾತ್ರ ಅವರ ಹಣೆಯಲ್ಲಿ ಬರೆದಿಲ್ಲ. ಹೊಸ ರಿಂಗು, ಹೊಸ ಪಿಸ್ಟನ್ನು ಅಂದರೆ ಹೊಸ ಬೂಟು ಇದ್ದ ಹಾಗೆ, ಕಾಲಿಗೆ ಒಗ್ಗುವ ತನಕ ಓಡಬಾರದು ಎಂದು ತೋಲ್ಯಾ ಒಬ್ಬೊಬ್ಬರಿಗೂ ಬಾಯಿ ನೋಯುವಷ್ಟು ಹೇಳಿ ಕಳಿಸುತ್ತಾನೆ. ತಲೆಯಾಡಿಸಿ ಹೋಗುತ್ತಾರೆ. ಊರಾಚೆ ಮುಂದೊಂದು ಧೂಳು ಕಂಡಿತೋ, ಮುಗಿಯಿತು. ಅಜ್ಜ ಮುತ್ತಜ್ಜಂದಿರು ಕುದುರೆಯ ಬೆನ್ನ ಮೇಲೆ ಬದುಕಿದವರಂತೆ. ಮೊಮ್ಮಕ್ಕಳಿಗೆ ಆ ಧೂಳನ್ನು ಹಿಂದೆ ಹಾಕದೆ ತುತ್ತು ಇಳಿಯುವುದಿಲ್ಲ. ಸಂಜೆಯೊಳಗೆ ಅದೇ ಕಾರು ಹಗ್ಗದ ತುದಿಯಲ್ಲಿ ತೋಲ್ಯಾನ ಶೆಡ್ಡಿಗೆ ವಾಪಸು ಬರುತ್ತದೆ.

ಇಂಥ ಊರಿನಲ್ಲಿ ನಿಧಾನವಾಗಿ ಹೋಗಬಲ್ಲ ಗಂಡಸು ಒಬ್ಬನೇ ಇದ್ದ, ಒಮುರ್ಜಾಕ್. ಹಾಗಾಗಿ ಊರು ಒಂದು ಪದ್ಧತಿ ಮಾಡಿಕೊಂಡಿತ್ತು. ಇಂಜಿನ್ನು ಬೋರ್ ಆಗಿ ಬಂದ ದಿನ ಕುರಿ ಕೊಯ್ದು, ಅದರ ರಕ್ತವನ್ನು ಬಂಪರಿಗೆ ಸವರಿ, ಬಿಳಿಗಡ್ಡದ ಹಿರಿಯರಿಂದ ಹರಸಿಸಿ, ಕೀಲಿಯನ್ನು ಒಮುರ್ಜಾಕನ ಕೈಗೆ ಕೊಡುವುದು. ಅವನು ಆ ಕಾರನ್ನು ಇಸಿಕ್‌ಕುಲ್ ಸರೋವರದ ಸುತ್ತ ನಲವತ್ತರ ವೇಗದಲ್ಲಿ ಓಡಿಸಿ, ಪಳಗಿಸಿ ತಂದುಕೊಡುವುದು. ಅವನ ಕೈಗುಣ ಒಳ್ಳೆಯದು ಎಂದು ಎದುರಿಗೆ ಹೇಳುತ್ತಿದ್ದರು. ಬೆನ್ನ ಹಿಂದೆ ಆಮೆ ಎನ್ನುತ್ತಿದ್ದರು.

ಊರಿನ ಜಮೀನು, ದನಕರು ಎಲ್ಲ ಸರ್ಕಾರಿ ಸಾಮೂಹಿಕ ಫಾರ್ಮಿನದಾಗಿದ್ದ ಕೊಲ್ಖೋಜಿನ ಕಾಲದಲ್ಲಿ ಅವನು ಹಾಲಿನ ಟ್ಯಾಂಕರು ಓಡಿಸುತ್ತಿದ್ದ. ಮಿಕ್ಕ ಡ್ರೈವರುಗಳ ಹಾಲು ದಾರಿಯಲ್ಲಿ ಕುಲುಕಿ ಬೆಣ್ಣೆಯಾಗಿ ಬರುತ್ತಿತ್ತು, ಇವನದು ಮೊಸರಾಗಿ ಬರುತ್ತಿತ್ತು. ಕೊಲ್ಖೋಜು ಮುಚ್ಚಿತು, ಟ್ಯಾಂಕರು ತುಕ್ಕು ಹಿಡಿಯಿತು, ಇವನ ಗರ್ವಕ್ಕೆ ಮಾತ್ರ ತುಕ್ಕು ಹಿಡಿಯಲಿಲ್ಲ. ಸ್ವಂತ ಕಾರು ಎಂದೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಊರಿನ ಅರ್ಧ ಕಾರುಗಳು ಒಂದಲ್ಲ ಒಂದು ಸಲ ಅವನವಾಗಿದ್ದವು. ತೆಳ್ಳನೆಯ ಮೀಸೆ, ಉದ್ದ ಕತ್ತು, ತಲೆಯ ಮೇಲೆ ಬಿಳಿ ಉಣ್ಣೆಯ ಎತ್ತರದ ಟೋಪಿ. ಟೋಪಿ ಕಾರಿನ ಚಾವಣಿಗೆ ತಾಗಿ ನಜ್ಜುಗುಜ್ಜಾದರೂ ತೆಗೆಯುತ್ತಿರಲಿಲ್ಲ. ಯಾರಾದರೂ ಹಾರನ್ನು ಬಾರಿಸಿ ಅವನನ್ನು ದಾಟಿ ಹೋದರೆ ತುಟಿಯ ಒಂದು ಮೂಲೆಯನ್ನಷ್ಟೇ ಎತ್ತುತ್ತಿದ್ದ. "ಹೋಗು ಮಗನೆ, ಹೋಗು. ಆತುರಗಾರನಿಗೆ ಬುದ್ಧಿ ಮಟ್ಟ. ನಿನ್ನ ಇಂಜಿನ್ನೂ ನನ್ನ ಕೈಗೇ ಬರತ್ತೆ," ಎನ್ನುತ್ತಿದ್ದ. ಆ ದಾರಿಯಲ್ಲಿ ದಿನಾ ಎಷ್ಟೋ ಕಾರು ಅವನನ್ನು ದಾಟುತ್ತಿದ್ದವು. ಅಷ್ಟೂ ಜನರ ಮೇಲೆ ಅವನಿಗೆ ತಿರಸ್ಕಾರವಿತ್ತು. ಬೇರೆ ಯಾವುದರಲ್ಲಿ ಬಡವನಾದರೂ ತಿರಸ್ಕಾರದಲ್ಲಿ ಶ್ರೀಮಂತ.

ಇದರ ರುಚಿಯನ್ನು ಹೆಚ್ಚಾಗಿ ಉಂಡವಳು ಹೆಂಡತಿ ಬುರುಲ್ಚಾ. ಔತಣಕ್ಕೆ ಹೋದವರು ತಮ್ಮ ಪಾಲಿನ ಮಾಂಸವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಮನೆಗೆ ತರುವುದು ನಮ್ಮಲ್ಲಿ ಮರ್ಯಾದೆ. ನೆರೆಮನೆಯವರ ಗಂಟು ಬಿಚ್ಚಿದರೆ ಹಬೆ ಏಳುತ್ತಿತ್ತು. ಇವನ ಗಂಟು ಬಿಚ್ಚಿದರೆ ಕೊಬ್ಬು ಮೇಣದ ಹಾಗೆ ಬಟ್ಟೆಗೆ ಅಂಟಿಕೊಂಡಿರುತ್ತಿತ್ತು. "ಮದ್ವೆ ಆದಾಗಿಂದ ಬಿಸಿ ಮಾಂಸ ತಂದವರಲ್ಲ ನೀವು," ಎಂದು ಅವಳು ಪ್ರತಿ ಸಲವೂ ಅನ್ನುತ್ತಿದ್ದಳು, ಅವನು ಪ್ರತಿ ಸಲವೂ "ನಿಧಾನವೇ ಪ್ರಧಾನ ಕಣೇ" ಅನ್ನುತ್ತಿದ್ದ. ಮಾಂಸವನ್ನು ಮತ್ತೆ ಒಲೆಗೆ ಇಡುತ್ತಿದ್ದಳು.

ಒಮುರ್ಜಾಕನಿಗೆ ಸ್ಟೇರಿಂಗು ಹಿಡಿಯಲು ಕಲಿಸಿದವನು ಅವನ ಅಣ್ಣ ಕಾಸಿಮಾಲಿ. ದೊಲೋನ್ ಘಟ್ಟದ ಆಚೆ, ಅಟ್‌ಬಾಶಿಯಲ್ಲಿ ಇದ್ದ. ಲಾರಿ ಡ್ರೈವರು, ದೊಡ್ಡ ಗಂಟಲು, ದೊಡ್ಡ ನಗು. ಕಾಸಿಮಾಲಿಯ ಮಗ ನುರ್ಗಾಜಿಯ ಮದುವೆಗೆ ಒಮುರ್ಜಾಕ್ ಯಾರದೋ ಹೊಸ ಇಂಜಿನ್ನಿನಲ್ಲಿ ಹೊರಟು, ಹುಡುಗಿಯ ಕಡೆಯವರು ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ತಲುಪಿದ್ದ. ಕಾಸಿಮಾಲಿ ಬಟ್ಟಲೆತ್ತಿ ಹಿಡಿದು ತುಂಬಿದ ಚಪ್ಪರದಲ್ಲಿ ಹೇಳಿದ: "ನೋಡಿ, ನನ್ನ ತಮ್ಮ ಬಂದ! ಅವನು ಮದ್ವೆಗೆ ಅಂತ ಹೊರಟ್ರೆ ನಾಮಕರಣಕ್ಕೆ ಬಂದು ಮುಟ್ತಾನೆ. ಇವತ್ತು ಬೇಗ ಬಂದಿದಾನೆ, ದೊಡ್ಡ ನೆಂಟರಿಗೆ ಕೊಡೋ ಕುರಿ ತಲೆ ಅವನಿಗೆ ಕೊಡ್ರೋ!"

ಜನ ಬಿದ್ದು ಬಿದ್ದು ನಕ್ಕರು. ಒಮುರ್ಜಾಕ್ ಕೈಯಲ್ಲಿದ್ದ ಮಾಂಸವನ್ನು ತಟ್ಟೆಗಿಟ್ಟು ಎದ್ದ. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಬಡಿದು ಧೂಳೆಬ್ಬಿಸಿ ಹೋಗುತ್ತಿದ್ದರು. ಇವನು ಕಾರಿನಲ್ಲಿ ಕೂತು, ಇಂಜಿನ್ನು ಬೆಚ್ಚಗಾಗುವ ತನಕ ಇಡೀ ಮದುವೆ ಮನೆಯ ಎದುರು ಮುಖ ಊದಿಸಿಕೊಂಡು ಕಾದ. ಒಳಗಿನಿಂದ ನಗು ಕೇಳುತ್ತಲೇ ಇತ್ತು. ಕಾಸಿಮಾಲಿ ಹೊರಗೆ ಬಂದು ಕಿಟಕಿ ತಟ್ಟಿದ, "ತಮಾಷೆಗೆ ಅಂದೆ ಕಣೋ, ಇಳಿಯೋ ಕೆಳಗೆ" ಎಂದ. ಇವನು ಕಿಟಕಿಯ ಗಾಜು ಏರಿಸಿದ. ಆವತ್ತಿನಿಂದ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಘಟ್ಟದ ಆಚೆಯಿಂದ ಬಂದವರ ಕೈಯಲ್ಲಿ ಕಾಸಿಮಾಲಿ ಎಷ್ಟೋ ಸಲ ಹೇಳಿ ಕಳಿಸಿದ. "ಬರ್ತೀನಿ ಅಂತ ಹೇಳಿ. ನಿಧಾನಕ್ಕೆ ಬರ್ತೀನಿ," ಎಂದು ಇವನು ಉತ್ತರ ಕಳಿಸಿದ. ಆ ಉತ್ತರ ತನಗೇ ಬಹಳ ಹಿಡಿಸಿ, ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದ.

ಈ ಶರತ್ಕಾಲದಲ್ಲಿ ಕುರಿ ವ್ಯಾಪಾರಿ ಎಸೆಂಕುಲನ ಬಿಳಿ ಝಿಗುಲಿ ಕಾರು ಬೋರ್ ಆಗಿ ಬಂತು. ಎಸೆಂಕುಲ್ ಅಂದರೆ ಒಮುರ್ಜಾಕನ ಲೆಕ್ಕದಲ್ಲಿ ಮನುಷ್ಯರ ಪೈಕಿ ಕಡೆಯವನು. ದಪ್ಪ ಕುತ್ತಿಗೆ, ಚಿನ್ನದ ಹಲ್ಲು, ರೇಡಿಯೇಟರಿನಲ್ಲಿ ನೀರಿಲ್ಲದೆ ಘಟ್ಟ ಹತ್ತಿಸಿ ಇಂಜಿನ್ನನ್ನು ಕೊಂದ ಪಾಪಿ. ಕುರಿ ಕೊಯ್ದದ್ದಾಯಿತು, ಬಂಪರು ಕೆಂಪಾಯಿತು, ಹಿರಿಯರು ಅಂಗೈಯಿಂದ ಮುಖ ಸವರಿಕೊಂಡು ಹರಸಿದ್ದೂ ಆಯಿತು. ಕೀಲಿ ಕೊಡುವಾಗ ಎಸೆಂಕುಲ್ ಅದನ್ನು ತಕ್ಷಣ ಬಿಡಲಿಲ್ಲ.

"ಒಮುರ್ಜಾಕಣ್ಣ, ಈ ಸಲ ಸರೋವರದ ಕಡೆ ಬೇಡ. ದೊಲೋನ್ ಘಟ್ಟ ದಾಟಿ ಅಟ್‌ಬಾಶಿ ಕಡೆ ಹೋಗ್ಬನ್ನಿ. ಹಂಗೇ ನಿಮ್ಮಣ್ಣನ್ನೂ ಮಾತಾಡಿಸ್ಕೊಂಡು ಬನ್ನಿ."

"ಹೊಸ ಇಂಜಿನ್ನ ಘಟ್ಟ ಹತ್ತಿಸ್ತಾರೇನೋ? ನೆನ್ನೆ ಹುಟ್ಟಿದ ಮಗೂಗೆ ಮೂಳೆ ಕಡಿಯೋಕೆ ಕೊಡ್ತಾರಾ?"

"ತೋಲ್ಯಾನೇ ಹೇಳ್ದ. ಸ್ವಲ್ಪ ಏರು, ಸ್ವಲ್ಪ ಇಳಿಜಾರು ಕಂಡ್ರೆ ರಿಂಗು ಚೆನ್ನಾಗಿ ಕೂರ್ತವಂತೆ."

"ತೋಲ್ಯಾ ಬಿಚ್ಚೋನು, ಜೋಡ್ಸೋನು. ಓಡ್ಸೋನು ನಾನು."

"ಕಾರು ನಂದು ಕಣಣ್ಣ," ಎಂದ ಎಸೆಂಕುಲ್, ನಗುತ್ತಲೇ.

"ಪಳಗೋ ತನಕ ನಂದು. ಆಮೇಲೆ ನಿಂದು. ಮತ್ತೆ ಸುಡ್ಕೋ ಹೋಗು."

ಎಸೆಂಕುಲ್ ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ದಡ್ಡನಿಗೆ ಮಾತೇ ಹೊಳೆಯಲಿಲ್ಲ ಎಂದುಕೊಂಡು ಒಮುರ್ಜಾಕ್ ಕೀಲಿ ಕಿತ್ತುಕೊಂಡ. ಕಾರನ್ನು ಸರೋವರದ ಕಡೆಗೇ ತಿರುಗಿಸಿದ.

ಸರೋವರದ ಸುತ್ತ ರಸ್ತೆ ಅಂಗೈಯಂತೆ ಸಮ. ಒಮುರ್ಜಾಕ್ ಮುಳ್ಳನ್ನು ನಲವತ್ತಕ್ಕೆ ತಂದು ನಿಲ್ಲಿಸಿ, ಒಂದು ಕೈ ಕಿಟಕಿಯಾಚೆ ಹಾಕಿ, ಬಾಯಲ್ಲಿ ಒಣ ಏಪ್ರಿಕಾಟು ಚೀಪುತ್ತ ಹೋದ. ನೆಂಟರ ಮನೆ ಬಂದಲ್ಲಿ ನಿಂತ, ಉಂಡ, ಮಲಗಿದ. ದಾಟಿ ಹೋದವರನ್ನೆಲ್ಲ ಬೈದ. ಮೀನು ಮಾರುವ ಹೆಂಗಸೊಬ್ಬಳು ಸೈಕಲ್ಲಿನಲ್ಲಿ ಪಕ್ಕಕ್ಕೆ ಬಂದು "ತಾತಾ, ತಳ್ಳಬೇಕಾ?" ಎಂದು ಕೇಳಿದಾಗ ಅವಳನ್ನೂ, ಅವಳ ಮೀನನ್ನೂ, ಸೈಕಲ್ಲು ಕಂಡುಹಿಡಿದವನನ್ನೂ ಬೈದ. ಹೀಗೆ ಪೂರ್ತಿ ಸುತ್ತು ಹಾಕಿ ಒಂದು ಬೆಳಿಗ್ಗೆ ಕೋಚ್ಕೋರಿಗೆ ಮರಳಿದಾಗ ಅವನ ಮನೆಯ ಬಾಗಿಲಿಗೆ ಬೀಗ ಹಾಕಿತ್ತು.

ಬುರುಲ್ಚಾ ಎಲ್ಲಿ ಎಂದು ಕೇಳುವ ಮೊದಲೇ ಪಕ್ಕದ ಮನೆಯ ಹಿರಿಯ ದೌಲೆತ್ ಇನ್ನಿಬ್ಬರು ಗಡ್ಡದವರನ್ನು ಕರೆದುಕೊಂಡು ಬಂದ. ಸಾವಿನ ಸುದ್ದಿಯನ್ನು ನಮ್ಮಲ್ಲಿ ಬಾಯಿಗೆ ಬಂದ ಹಾಗೆ ಹೇಳುವುದಿಲ್ಲ. ಹಿರಿಯರು ಕೂಡಿ, ಕೂರಿಸಿ, ಸುತ್ತಿ ಬಳಸಿ ಹೇಳಬೇಕು. ಜಗುಲಿಯ ಮೇಲೆ ಕೂರಿಸಿದರು. ದೌಲೆತ್ ಗಂಟಲು ಸರಿಮಾಡಿಕೊಂಡು, ಬೆಟ್ಟದಂಥ ಬೆಟ್ಟವೂ ಸವೆಯುತ್ತದೆ, ನದಿಯಂಥ ನದಿಯೂ ಬತ್ತುತ್ತದೆ, ಪ್ರವಾದಿಗಳೂ ಉಳಿಯಲಿಲ್ಲ ಎಂದು ಶುರುಮಾಡಿದ. ಒಮುರ್ಜಾಕನಿಗೆ ಬೆಟ್ಟದ ಮಾತು ಬಂದಾಗಲೇ ತಿಳಿದುಹೋಗಿತ್ತು. ಆದರೂ ನದಿ, ಪ್ರವಾದಿ ಎಲ್ಲ ಮುಗಿಯುವ ತನಕ ಕೂತಿರಬೇಕು, ಅದು ಮರ್ಯಾದೆ.

"ನಿಮ್ಮಣ್ಣ ಹೊರಟೋದ ಕಣಪ್ಪ," ಎಂದ ದೌಲೆತ್ ಕೊನೆಗೆ. "ಮೊನ್ನೆ ಹೋದ. ಸುದ್ದಿ ತಂದವರು ನಿನಗೆ ಎಷ್ಟು ಕಾಯೋದು? ನಿನ್ನ ಹೆಂಡ್ತಿ ಅವರ ಜೊತೇಲೇ ಹೋದ್ಲು. ಇವತ್ತು ಮಧ್ಯಾಹ್ನದ ನಮಾಜಾದ್ಮೇಲೆ ಮಣ್ಣು. ಒಡಹುಟ್ಟಿದವನು ನೀನು, ಒಂದು ಹಿಡಿ ಮಣ್ಣು ನಿಂದು ಬೀಳ್ಬೇಕು. ಎದ್ದೇಳು, ಹೊತ್ತಿನ್ನೂ ಇದೆ. ಜೋರಾಗಿ ಹೋದ್ರೆ ಮುಟ್ತೀಯ."

ಅಣ್ಣ ಸತ್ತನೆಂದು ಒಮುರ್ಜಾಕನ ಎದೆ ಹಿಂಡಿತು. ಅದು ಸುಳ್ಳಲ್ಲ. ಕಣ್ಣೂ ಒದ್ದೆಯಾಯಿತು. ಆದರೆ "ಜೋರಾಗಿ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆ ಒದ್ದೆ ಕಣ್ಣಿನ ಕೆಳಗೆ ತುಟಿಯ ಮೂಲೆ ತನ್ನಷ್ಟಕ್ಕೆ ಮೇಲೆದ್ದಿತು.

"ಹೊಸ ಇಂಜಿನ್ನು ದೌಲೆತ್ ಮಾವ. ಇನ್ನೊಂದು ಸುತ್ತು ಬಾಕಿ ಇದೆ, ಪಳಗಿಲ್ಲ."

ಮೂವರು ಮುದುಕರೂ ಅವನ ಮುಖವನ್ನೇ ನೋಡಿದರು. ದೌಲೆತ್ ಕೋಲು ಊರಿಕೊಂಡು ಎದ್ದ. "ಅದನ್ನ ನಿಮ್ಮಣ್ಣನಿಗೆ ಹೇಳಪ್ಪ," ಎಂದು ಹೊರಟುಹೋದ.

ಒಮುರ್ಜಾಕ್ ದೊಲೋನ್ ದಾರಿ ಹಿಡಿದ. ಮುಳ್ಳು ನಲವತ್ತಕ್ಕೆ ಏರಿ ಅಲ್ಲೇ ಕೂತಿತು. ಅವನ ತಲೆಯೊಳಗೆ ನಡೆಯುತ್ತಿದ್ದುದನ್ನು ಹೇಳಿದರೆ ಹೇಸಿಗೆ ಎನಿಸಬಹುದು, ಆದರೂ ಹೇಳಬೇಕು. ತಮ್ಮ ಬಾರದೆ ಮಣ್ಣು ಮಾಡುವುದಿಲ್ಲ, ಕಾಯುತ್ತಾರೆ ಎಂದುಕೊಂಡ. ಕಾಯಲಿ. ತುಂಬಿದ ಚಪ್ಪರದಲ್ಲಿ ನನ್ನ ನಿಧಾನವನ್ನು ಆಡಿಕೊಂಡವನು ಈಗ ಮಲಗಿಕೊಂಡು ಕಾಯಲಿ ಎಂದುಕೊಂಡ. ಅಂದುಕೊಂಡ ಮರುಕ್ಷಣವೇ ಬೆಚ್ಚಿ, ಛೆ ಛೆ ಎಂದು ಕಿಟಕಿಯಾಚೆ ಉಗುಳಿದ. ಆದರೆ ಕಾಲು ಆಕ್ಸಿಲರೇಟರಿನ ಮೇಲೆ ಕೂದಲೆಳೆಯಷ್ಟೂ ಒತ್ತಲಿಲ್ಲ.

ದಾರಿಯುದ್ದಕ್ಕೂ ಕಾರುಗಳು ಅವನನ್ನು ದಾಟಿದವು. ಅವತ್ತು ದಾಟಿದವರಲ್ಲಿ ಎಷ್ಟೋ ಮಂದಿ ಹೋಗುತ್ತಿದ್ದುದು ಅವನ ಅಣ್ಣನ ಮಣ್ಣಿಗೇ. ಕೆಲವರು ಹಾರನ್ನು ಹೊಡೆದರು, ಕೆಲವರು ಕಿಟಕಿಯಿಂದ ಕೈ ಬೀಸಿ ಮುಂದೆ ಮುಂದೆ ಎಂದು ಸನ್ನೆ ಮಾಡಿದರು. ನೆಂಟರು ತುಂಬಿದ ವ್ಯಾನೊಂದು ವೇಗ ತಗ್ಗಿಸಿ ಪಕ್ಕಕ್ಕೆ ಬಂತು. "ಬನ್ನಿ, ಹತ್ಕೊಳ್ಳಿ, ಜಾಗ ಮಾಡ್ತೀವಿ!" ಎಂದು ಒಳಗಿನಿಂದ ಕೂಗಿದರು. ಇನ್ನೊಬ್ಬರ ಕಾರನ್ನು ರಸ್ತೆಯಲ್ಲಿ ಬಿಟ್ಟು ಬರುವವನಲ್ಲ ಎಂದು ಒಮುರ್ಜಾಕ್ ತಲೆಯಾಡಿಸಿದ. ವ್ಯಾನು ಹೋಯಿತು. ನಿಯತ್ತು ಎಂಬುದು ಎಷ್ಟು ಅಗ್ಗದ ಹೊದಿಕೆ ನೋಡಿ, ಯಾವ ಹುಳುಕಿನ ಮೇಲೆ ಬೇಕಾದರೂ ಎಳೆದುಕೊಳ್ಳಬಹುದು.

ಘಟ್ಟದ ಅರ್ಧ ಏರಿದ ಮೇಲೆ ಕಾರನ್ನು ಬದಿಗೆ ನಿಲ್ಲಿಸಿ ಬಾನೆಟ್ಟು ಎತ್ತಿದ. ಇಂಜಿನ್ನು ಆರಬೇಕು. ಅಂಗೈ ಇಟ್ಟರೆ ಸುಡಬಾರದು, ಆಮೇಲೆ ಮುಂದಕ್ಕೆ. ಇದು ಅವನದೇ ಕಾನೂನು. ತೋಲ್ಯಾ ಅಂಥದ್ದನ್ನು ಹೇಳಿದವನಲ್ಲ. ಗಾಳಿ ಹಿಮದ ಕಡೆಯಿಂದ ಬೀಸುತ್ತಿತ್ತು. ಸೂರ್ಯ ನೆತ್ತಿಯ ಕಡೆ ನಡೆಯುತ್ತಿದ್ದ, ಅವನಿಗೆ ಪಳಗಿಸುವ ಇಂಜಿನ್ನು ಇರಲಿಲ್ಲ. ಒಮುರ್ಜಾಕ್ ಕಲ್ಲಿನ ಮೇಲೆ ಕೂತು ಏಪ್ರಿಕಾಟು ಬಾಯಿಗೆ ಹಾಕಿಕೊಂಡ. ರುಚಿ ಹತ್ತಲಿಲ್ಲ, ಉಗಿದ.

ಕೆಳಗಿನಿಂದ ಕುರಿ ಸಾಗಿಸುವ ಲಾರಿಯೊಂದು ಗುಡುಗುತ್ತ ಬಂದು ಅವನ ಪಕ್ಕ ನಿಂತಿತು. ಡ್ರೈವರಿನ ಪಕ್ಕದಿಂದ ಎಸೆಂಕುಲ್ ಧುಮುಕಿದ. ಬಾನೆಟ್ಟು ಎತ್ತಿದ್ದು ಕಂಡು ಓಡಿಬಂದ.

"ಏನಾಯ್ತಣ್ಣ? ಕೆಟ್ಟೋಯ್ತಾ?"

"ಕೆಡೋಕೆ ನೀನು ಓಡ್ಸಿದೀಯಾ? ಆರ್ತಾ ಇದೆ."

ಎಸೆಂಕುಲ್ ಇಂಜಿನ್ನನ್ನು ನೋಡಿದ, ಸೂರ್ಯನನ್ನು ನೋಡಿದ, ಒಮುರ್ಜಾಕನನ್ನು ನೋಡಿದ. "ಅಣ್ಣಾ, ಅಲ್ಲಿ ಹೆಣ ಎತ್ತೋ ಹೊತ್ತಾಯ್ತು. ಲಾರಿ ಹತ್ತಿ. ಕಾರು ನಾನು ತರ್ತೀನಿ."

"ನೀನು? ಕೊಂದವನ ಕೈಗೇ ಮತ್ತೆ ಕೂಸನ್ನ ಕೊಡ್ಲಾ?"

"ನಲವತ್ತರಲ್ಲೇ ಬರ್ತೀನಿ. ನನ್ನಾಣೆ."

"ನಿನ್ನ ಕೈಲಿ ನಲವತ್ತು ಆಗಲ್ಲ. ಮುಂದೆ ಒಂದು ಹಸು ಕಂಡ್ರೂ ಓವರ್‌ಟೇಕ್ ಮಾಡೋ ಜಾತಿ ನಿಂದು."

"ಸರಿ, ಬೇಡ. ಇಲ್ಲೇ ಇರ್ಲಿ ಬಿಡಿ ಕಾರು, ಯಾರು ಹೊತ್ಕೊಂಡು ಹೋಗ್ತಾರೆ? ಹೋದ್ರೆ ಹೋಗ್ಲಿ, ನಂದು ತಾನೇ? ಇಲ್ಲಾ ನೀವೇ ಜೋರಾಗಿ ಓಡ್ಸಿ! ನನ್ನ ಕಾರು, ನಾನೇ ಹೇಳ್ತಾ ಇದೀನಿ, ತುಳೀರಿ!"

ಒಮುರ್ಜಾಕ್ ಟೋಪಿ ಸರಿಮಾಡಿಕೊಂಡ. "ಈವರೆಗೂ ಯಾವ ಇಂಜಿನ್ನನ್ನೂ ನಾನು ತುಳಿದಿಲ್ಲ," ಎಂದ.

ಎಸೆಂಕುಲ್ ಅವನ ಕೈ ಹಿಡಿದು ಎಳೆದ. ಒಮುರ್ಜಾಕ್ ಕೈ ಕೊಡವಿದ. "ನಿಮ್ಮಣ್ಣ ಕಣಣ್ಣಾ ಸತ್ತಿರೋದು," ಎಂದು ಎಸೆಂಕುಲ್ ಮೆಲ್ಲಗೆ ಹೇಳಿದ. ಒಮುರ್ಜಾಕ್ ಬಗ್ಗಿ ರೇಡಿಯೇಟರಿನ ಮುಚ್ಚಳ ತಿರುಗಿಸುವವನಂತೆ ಮಾಡಿದ. ಲಾರಿ ಹೊರಟ ಸದ್ದು ತಿರುವಿನಾಚೆ ಮುಗಿದ ಮೇಲೆ ಇಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿದ. ಅದು ಯಾವಾಗಲೋ ತಣ್ಣಗಾಗಿತ್ತು.

ಸಾವಿನ ಮನೆ ಕಂಡ ಕೂಡಲೇ ಗಂಡಸರು ಕುದುರೆಯನ್ನು ಒದ್ದು ಓಡಿಸಿಕೊಂಡು, ಗಂಟಲು ಬಿರಿಯುವಂತೆ ಅಳುತ್ತ ನುಗ್ಗಬೇಕು. ಅದು ನಮ್ಮ ರೀತಿ. ಈಗ ಕಾರಿನಲ್ಲಿ ಬರುವವರೂ ಅಂಗಳದ ಹತ್ತಿರ ಜೋರಾಗಿ ತಂದು ಗಕ್ಕನೆ ನಿಲ್ಲಿಸಿ, ಅಳುತ್ತ ಇಳಿದು ಓಡುತ್ತಾರೆ. ಒಮುರ್ಜಾಕ್ ಅಟ್‌ಬಾಶಿಯ ಆ ಓಣಿಗೆ ಎರಡನೆಯ ಗೇರಿನಲ್ಲಿ ಬಂದ. ಎದುರಿನಿಂದ ಗಂಡಸರ ಗುಂಪು ಬರುತ್ತಿತ್ತು. ಅವರ ಬೂಟುಗಳಿಗೆ ಹೊಸ ಮಣ್ಣು ಮೆತ್ತಿತ್ತು. ಕೆಲವರು ಗುದ್ದಲಿಗಳನ್ನು ಹೆಗಲ ಮೇಲೆ ಹೊತ್ತಿದ್ದರು. ಕಾರಿಗೆ ದಾರಿ ಬಿಟ್ಟು ಓಣಿಯ ಎರಡೂ ಬದಿಗೆ ಸರಿದು ನಿಂತರು.

ಅಂಗಳದಲ್ಲಿ ಸಾವಿಗೆಂದು ಎತ್ತಿದ ಗುಡಾರದ ಬಾಗಿಲಲ್ಲಿ ನುರ್ಗಾಜಿ ಸೂತಕದವರ ರೀತಿಯಲ್ಲಿ ಸೊಂಟಕ್ಕೆ ಬಟ್ಟೆ ಬಿಗಿದು, ಕೋಲಿನ ಮೇಲೆ ಬಗ್ಗಿ ನಿಂತಿದ್ದ. ಒಮುರ್ಜಾಕ್ ಇಳಿದು "ಅಣ್ಣಾ, ನನ್ನ ಬೆಟ್ಟದಂಥ ಅಣ್ಣಾ" ಎಂದು ಕೂಗುತ್ತ ಓಡಿದ. ಕೂಗು ಅರ್ಧದಲ್ಲೇ ಕೆಮ್ಮಾಯಿತು. ನುರ್ಗಾಜಿ ಅವನನ್ನು ತಬ್ಬಿಕೊಂಡು ಹೋ ಎಂದು ಅತ್ತ.

"ಎಷ್ಟು ಕಾದ್ವಿ ಚಿಕ್ಕಪ್ಪಾ! ನಮಾಜು ಮುಗಿದ್ಮೇಲೂ ಎತ್ತಲಿಲ್ಲ. ಮುಲ್ಲಾ ಎರಡು ಸಲ ಬೈದ್ರು. ಒಂದೊಂದು ಕಾರಿನ ಧೂಳು ಕಂಡಾಗ್ಲೂ ಎದ್ದು ಎದ್ದು ನಿಂತ್ವಿ. ಯಾಕೆ ಚಿಕ್ಕಪ್ಪ, ಯಾಕೆ ಇಷ್ಟು ಹೊತ್ತು?"

"ಇಂಜಿನ್ನು ಹೊಸದು ಕಣೋ," ಎಂದಿತು ಒಮುರ್ಜಾಕನ ಬಾಯಿ.

ಅವನು ಅದನ್ನು ಹೇಳಬೇಕೆಂದಿರಲಿಲ್ಲ. ಅಭ್ಯಾಸಬಲ, ನಾಲಿಗೆಯ ತುದಿಯಲ್ಲೇ ಇದ್ದದ್ದು ಉದುರಿತು. ನುರ್ಗಾಜಿಯ ತೋಳುಗಳು ಸಡಿಲವಾದವು. ಗುಡಾರದೊಳಗೆ ಗೋಡೆಗೆ ಮುಖ ಮಾಡಿ ಕೂತು ಹಾಡಿಕೊಂಡು ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಳ ದನಿ ಥಟ್ಟನೆ ನಿಂತಿತು. ಅದು ಬುರುಲ್ಚಾಳ ದನಿ. ಅವಳು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹಾಡಿಗೆ ಸೇರಿಕೊಂಡಳು.

ಅವನು ಒಬ್ಬನೇ ಗೋರಿಗಳ ದಿಬ್ಬಕ್ಕೆ ನಡೆದ. ಅಣ್ಣನ ಮಣ್ಣಿನ ಗುಡ್ಡೆಯನ್ನು ಗುದ್ದಲಿಯ ಬೆನ್ನಿನಿಂದ ತಟ್ಟಿ ನುಣುಪು ಮಾಡಿದ್ದರು, ಮೇಲೆ ನೀರು ಚಿಮುಕಿಸಿದ್ದರು. ಮೂರು ದಿನದಿಂದ ಮಲಗಿ ಕಾದವನ ಮೇಲೆ ತಮ್ಮನೊಬ್ಬನನ್ನು ಬಿಟ್ಟು ಊರೆಲ್ಲ ಒಂದೊಂದು ಹಿಡಿ ಹಾಕಿ ಹೋಗಿತ್ತು. ಒಮುರ್ಜಾಕ್ ಒಂದು ಹಿಡಿ ಮಣ್ಣು ಎತ್ತಿ ಆ ನುಣುಪಿನ ಮೇಲೆ ಹಾಕಿದ. ಅದು ಅಂಟದೆ ಜಾರಿ ಅವನ ಬೂಟಿನ ಹತ್ತಿರವೇ ಬಂದು ಬಿತ್ತು.

ಹಿಂದೆ ಹೆಜ್ಜೆಯ ಸದ್ದಾಯಿತು. ಎಸೆಂಕುಲ್ ಬಂದು ಪಕ್ಕದಲ್ಲಿ ಮೊಣಕಾಲೂರಿ ಕೂತ.

"ಈ ಮಾತು ಹೇಳ್ಬೇಡ ಅಂದಿದ್ರು ನಿಮ್ಮಣ್ಣ. ಈಗ ಇನ್ನು ಯಾರಿಗೋಸ್ಕರ ಮುಚ್ಚಿಡ್ಲಿ?" ಎಂದ. "ವಸಂತದಿಂದ ಮಲಗಿದ್ರು ಅಣ್ಣ. ಹೋದ ತಿಂಗಳು ಕುರಿ ಕೊಳ್ಳೋಕೆ ಬಂದಾಗ ನೋಡೋಕೆ ಹೋಗಿದ್ದೆ. ನನ್ನ ಇಂಜಿನ್ನು ಬೋರಿಗೆ ಹೋಗಿದೆ ಅಂದೆ. ನಕ್ಕುಬಿಟ್ರು. 'ಹಂಗಾದ್ರೆ ಅದನ್ನ ನನ್ನ ತಮ್ಮನ ಕೈಗೆ ಕೊಡು. ಈ ಘಟ್ಟದ ಕಡೆ ಓಡ್ಸೋಕೆ ಹೇಳು. ನಾನು ಕರೆದ್ರೆ ಅವನು ಬರಲ್ಲ, ಇಂಜಿನ್ನಿಗೋಸ್ಕರ ಬರ್ತಾನೆ. ಕಾಯಿಲೆ ಅಂತ ಹೇಳ್ಬೇಡ, ಅಯ್ಯೋ ಪಾಪ ಅಂತ ಬರೋದು ಬೇಡ' ಅಂದ್ರು."

ಒಮುರ್ಜಾಕ್ ಬೂಟಿನ ಬಳಿ ಬಿದ್ದಿದ್ದ ಮಣ್ಣನ್ನು ಮತ್ತೆ ಅಂಗೈಗೆ ಎತ್ತಿಕೊಂಡ.

"ತೋಲ್ಯಾ ನಿಮ್ಮ ಕೈಗೆ ಕೊಡೋದು ಬೇಡ ಅಂದ. ಸಮ ರಸ್ತೇಲಿ ಒಂದೇ ವೇಗದಲ್ಲಿ ತೆವಳಿಸಿ ತೆವಳಿಸಿ ರಿಂಗು ಕೂರೋಕೇ ಬಿಡಲ್ಲ, ಅವರು ಪಳಗಿಸಿದ ಇಂಜಿನ್ನೆಲ್ಲಾ ಆಯಿಲ್ ಕುಡೀತವೆ ಅಂದ. ಕುಡಿದ್ರೆ ಕುಡೀಲಿ ಅಂತ ಕೊಟ್ಟೆ. ನಿಮ್ಮ ಕೈಗುಣಕ್ಕಲ್ಲಣ್ಣ. ಅವ್ರು ಕೇಳಿದ್ರು ಅಂತ."

ಅವನ ದನಿಯಲ್ಲಿ ಕೋಪವಿರಲಿಲ್ಲ, ಚುಚ್ಚೂ ಇರಲಿಲ್ಲ. ಇದ್ದಿದ್ದರೆ ಒಮುರ್ಜಾಕ್ ಹಿಡಿದುಕೊಳ್ಳಲು ಅದಾದರೂ ಸಿಗುತ್ತಿತ್ತು. ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡು ಎಸೆಂಕುಲ್ ಇಳಿದು ಹೋದ.

ಮಣ್ಣಾದ ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಗಂಡ ಹೆಂಡತಿ ಹೊರಟರು. ಕುರಿ ವ್ಯಾಪಾರ ಮುಗಿಸಿದ್ದ ಎಸೆಂಕುಲನೂ ಜೊತೆಗೆ ಬಂದ. ಅತ್ತಿಗೆ ಹಂಡೆಯಿಂದ ಆಗತಾನೆ ಎತ್ತಿದ ಕುದುರೆ ಮಾಂಸವನ್ನು ಬಟ್ಟೆಯಲ್ಲಿ ಕಟ್ಟಿ, "ನಿಮ್ಮಣ್ಣನ ಪಾಲು ಅಂದ್ಕೊಳ್ಳಿ," ಎಂದು ಮೈದುನನ ಕೈಗಿಟ್ಟಳು. ಕಾರಿನ ಹತ್ತಿರ ಬಂದಾಗ ಒಮುರ್ಜಾಕ್ ಜೇಬಿಗೆ ಕೈ ಹಾಕಿ ಕೀಲಿ ತೆಗೆದು ಎಸೆಂಕುಲನ ಮುಂದೆ ಹಿಡಿದ. ಪಳಗುವ ಮೊದಲೇ ಕೀಲಿ ಬಿಟ್ಟುಕೊಟ್ಟಿದ್ದು ಜೀವಮಾನದಲ್ಲೇ ಅದು ಮೊದಲು. ಎಸೆಂಕುಲ್ ಅವನ ಮುಖ ನೋಡಿ, 'ಸರಿನಾ' ಎನ್ನುವಂತೆ ಹುಬ್ಬೆತ್ತಿದ. ಒಮುರ್ಜಾಕ್ ಆ ಕಡೆಯ ಬಾಗಿಲು ತೆರೆದು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬುರುಲ್ಚಾ ಹಿಂದೆ ಕೂತಳು.

ಎಸೆಂಕುಲ್ ತುಳಿದ. ಮುಳ್ಳು ನಲವತ್ತನ್ನು ದಾಟುವಾಗ ಒಮುರ್ಜಾಕನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ಅರವತ್ತು, ಎಂಬತ್ತು. ಇಂಜಿನ್ನು ಈಗ ಕೂಗುತ್ತದೆ, ಈಗ ಹಿಡಿದುಕೊಳ್ಳುತ್ತದೆ ಎಂದು ಕಿವಿಯೊಡ್ಡಿ ಕೂತ. ಕೂಗಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ನಾರಿನ್ ಪಟ್ಟಣ ಬಂತು, ಹೋಯಿತು. ಘಟ್ಟದಲ್ಲಿ ಲಾರಿಗಳನ್ನು ದಾಟಿದರು, ಹುಲ್ಲಿನ ಗಾಡಿಯನ್ನು ದಾಟಿದರು. ಇಂಜಿನ್ನು ಆರಲೆಂದು ತಾನು ಕೂತಿದ್ದ ಕಲ್ಲನ್ನು ಒಮುರ್ಜಾಕ್ ಇದೇ ಅದು ಎಂದು ಗುರುತಿಸುವಷ್ಟರಲ್ಲಿ ಅದು ಹಿಂದೆ ಉಳಿಯಿತು. ಪಕ್ಕದ ಕನ್ನಡಿಯಲ್ಲಿ ನೋಡಿದ. ಕಾರಿನ ಬೆನ್ನಿಗೆ ಉದ್ದಕ್ಕೂ ನೀಲಿ ಹೊಗೆ ಹಾಸಿಕೊಂಡು ಬರುತ್ತಿತ್ತು, ಆಯಿಲ್ ಸುಟ್ಟ ಹೊಗೆ. ಎಸೆಂಕುಲನೂ ಕನ್ನಡಿಯಲ್ಲಿ ಅದನ್ನು ಕಂಡ. ಕಂಡು ಮತ್ತೆ ರಸ್ತೆಯ ಕಡೆ ಕಣ್ಣು ತಿರುಗಿಸಿದ.

ಕೋಚ್ಕೋರಿನ ಮೊದಲ ಮನೆಗಳು ಕಂಡಾಗ ಒಮುರ್ಜಾಕ್ ಬಿಸಿಲು ಯಾವ ಕಡೆ ಇದೆ ಎಂದು ಕಿಟಕಿಯಿಂದ ಬಗ್ಗಿ ನೋಡಿದ. "ಬಂದೇಬಿಡ್ತಾ?" ಎಂದ. "ಇಷ್ಟು ಹತ್ರಾನಾ ಅಣ್ಣನ ಮನೆ?"

ಕಾರು ಮನೆಯ ಮುಂದೆ ನಿಂತಿತು. ಬುರುಲ್ಚಾ ಇಳಿದು ಬಂದು ಅವನ ತೊಡೆಯ ಮೇಲಿನ ಗಂಟನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಹಾಗೇ ನಿಂತಳು. ಅಲ್ಲೇ, ಬೀದಿಯಲ್ಲೇ, ಬಟ್ಟೆಯ ಗಂಟು ಬಿಚ್ಚಿದಳು. ಕೊಬ್ಬು ಇನ್ನೂ ಗಟ್ಟಿಯಾಗಿರಲಿಲ್ಲ. ಮಾಂಸ ಬೆಚ್ಚಗಿತ್ತು.